ತೊಳೆದ ಬಾಣಲೆ

ಹೋಟೆಲಿನ ಗಾಜಿನ ಬಾಗಿಲನ್ನು ಗಂಡ ಅಷ್ಟೊಂದು ಮರ್ಯಾದೆಯಿಂದ ತೆರೆದು ಹಿಡಿದದ್ದನ್ನು ನೋಡಿದಾಗಲೇ, ಇವನು ಇವತ್ತೂ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಾಗಿಹೋಯಿತು. ಕೊಟ್ಟ ಮಾತು ಉಳಿಸಿಕೊಳ್ಳುವ ದಿನ ಇವನು ಬಾಗಿಲು ಗೀಗಿಲು ಹಿಡಿಯುವ ಗೋಜಿಗೆ ಹೋಗುವವನಲ್ಲ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಅವಳ ಮುಖ ನೋಡದೆ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತ ಹೇಳಿದ್ದ: “ಆಯ್ತಮ್ಮ ತಾಯಿ, ಊಟ ಹೇಳೋಕೆ ಮುಂಚೆ ಅಮ್ಮನಿಗೆ ಹೇಳಿಬಿಡ್ತೀನಿ. ಅವಳಿಗೆ ಹರಕೆ ಗಿರಕೆ ಏನೂ ಇಲ್ಲಮ್ಮ, ಇರೋದು ಕಾಯಿಲೆ, ಅಂತ. ಅಷ್ಟೇ ತಾನೇ?” ಅಷ್ಟೇ ತಾನೇ! ಒಂದೂವರೆ ವರ್ಷದಿಂದ ಅವನ ಗಂಟಲಲ್ಲಿ ಸಿಕ್ಕಿಕೊಂಡ ಮಾತು ಗುಂಡಿ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಅಷ್ಟೇ ತಾನೇ ಆಗಿಬಿಟ್ಟಿತ್ತು. ಅವಳಿಗೆ ಗೋಧಿ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಕೆಲವರಿಗೆ ಬದನೆಕಾಯಿ ತಿಂದರೆ ಮೈ ತುರಿಸುತ್ತದಲ್ಲ, ಆ ಥರ ಅಲ್ಲ. ಬ್ರೆಡ್ಡಿನ ಒಂದು ಚೂರು ಒಳಗೆ ಹೋದರೂ ಕರುಳಿನ ಒಳಗೋಡೆ ಹುಣ್ಣಾಗುತ್ತದೆ, ಆಮೇಲೆ ತಿಂದದ್ದು ಯಾವುದೂ ಮೈಗೆ ಹತ್ತುವುದಿಲ್ಲ, ರಕ್ತ ಕಡಿಮೆಯಾಗುತ್ತದೆ, ಬಾಚಣಿಗೆಯ ತುಂಬ ಕೂದಲು ಬರುತ್ತದೆ. “ಇದಕ್ಕೆ ಮಾತ್ರೆ ಇಲ್ಲಮ್ಮ, ಬಿಡೋದೇ ಮದ್ದು. ಸ್ವಲ್ಪ ಅನ್ನೋ ಮಾತೇ ಇಲ್ಲ. ಜೀವನಪೂರ್ತಿ,” ಎಂದು ಡಾಕ್ಟರು ಹೇಳಿದಾಗ ಗಂಡನೂ ಪಕ್ಕದ ಕುರ್ಚಿಯಲ್ಲೇ ಇದ್ದ. ತಲೆಯಾಡಿಸಿದ್ದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಕಿಟಕಿಯ ಪಕ್ಕದ ಉದ್ದನೆಯ ಮೇಜಿನ ತಲೆಯಲ್ಲಿ ಅತ್ತೆಯನ್ನು ಕೂರಿಸಿದರು. ಅತ್ತೆಗೆ ಇವತ್ತಿಗೆ ಎಪ್ಪತ್ತು. ಮಗಳು ಕೊಡಿಸಿದ ಹೊಸ ಶಾಲನ್ನು ಸೆಕೆಯಲ್ಲೂ ತೆಗೆಯದೆ, ಹಣೆಯ ಬೆವರನ್ನು ಅದರ ತುದಿಯಿಂದಲೇ ಒತ್ತಿಕೊಳ್ಳುತ್ತ, ಎಲ್ಲರನ್ನೂ ನೋಡಿ ನಗುತ್ತಿದ್ದರು. ಆ ಮಗಳು, ಗಂಡನ ಅಕ್ಕ, ಹೈಸ್ಕೂಲಿನ ಹೆಡ್ ಮೇಡಂ. ಮನೆಗೆ ಬಂದರೂ ಹೆಡ್ ಮೇಡಮ್ಮೇ. ಆಕೆಯ ಪಕ್ಕದಲ್ಲಿ ಆಕೆಯ ಗಂಡ, ಭಾವ. ಭಾವ ರಿಟೈರಾದ ಮೇಲೆ ಸಿಕ್ಕಿದ ವಿಷಯಕ್ಕೆಲ್ಲ ತೀರ್ಪು ಕೊಡುವುದನ್ನೇ ಕಸುಬು ಮಾಡಿಕೊಂಡದ್ದರಿಂದ ಅವಳು ಮನಸ್ಸಿನಲ್ಲೇ ಅವರಿಗೆ ಹೈಕೋರ್ಟು ಎಂದು ಹೆಸರಿಟ್ಟಿದ್ದಳು. ಕೂತು ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ಬ್ರೆಡ್ಡಿನ ಬುಟ್ಟಿ ಬಂತು. ಹೈಕೋರ್ಟು ಒಂದನ್ನು ಎತ್ತಿ ಮುರಿದರು, ಪುಡಿ ಬಿಳೀ ಮೇಜುಬಟ್ಟೆಯ ಮೇಲೆ ಉದುರಿತು, ಊರಿನ ನೀರಿನ ಪೈಪುಗಳ ಬಗ್ಗೆ ಏನೋ ಹೇಳುತ್ತ ಅದನ್ನು ಅಂಗೈಯಿಂದ ಅವಳ ಕಡೆಗೇ ಸವರಿದರು. ಅವಳು ತನ್ನ ಚಮಚವನ್ನೂ ಫೋರ್ಕನ್ನೂ ಎತ್ತಿ ಕರ್ಚೀಫಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. ನಾದಿನಿ ಅದನ್ನು ನೋಡಿ, ಕಣ್ಣು ಸಣ್ಣಗೆ ಮಾಡಿಕೊಂಡು, ಎಷ್ಟು ನಿಷ್ಠೆ ನೋಡು ಎನ್ನುವ ಹಾಗೆ ಅತ್ತೆಯ ಮೊಣಕೈ ಮುಟ್ಟಿದಳು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅವಳ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು. ಕಾಲು ನಂಬರು ಆಚೀಚೆಯಾದರೆ ಜನ ಮಾರನೆಯ ದಿನವೇ ವಾಪಸು ಬರುತ್ತಾರೆ. ತಲೆ ಸಿಡೀತಿದೆ, ಮೆಟ್ಟಿಲು ಎದ್ದು ಬಂದ ಹಾಗೆ ಕಾಣ್ತಿದೆ, ನಿಮ್ಮ ಮೇಲೆ ಕೇಸು ಹಾಕ್ತೀನಿ ಎಂದು ಕೂಗಾಡುತ್ತಾರೆ. ಯಾರೂ ಅವರಿಗೆ, ಕಾಲು ನಂಬರು ತಾನೇ, ಏನಾಗುತ್ತೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಎನ್ನುವುದಿಲ್ಲ. ಅವಳಿಗೆ ಮಾತ್ರ ಎಲ್ಲರೂ ಅನ್ನುತ್ತಾರೆ. ಸ್ವಲ್ಪ. ಈ ಸ್ವಲ್ಪ ಎನ್ನುವ ಮಾತನ್ನು ಹುಟ್ಟಿಸಿದವನು ಸಿಕ್ಕಿದರೆ ಅವನ ಕುತ್ತಿಗೆ ಹಿಸುಕಬೇಕು. ಕಾಯಿಲೆ ಗೊತ್ತಾದ ಹೊಸದರಲ್ಲಿ ಅವಳು ಹೋದ ಹೋಟೆಲುಗಳಲ್ಲೆಲ್ಲ ಸಣ್ಣ ಮಕ್ಕಳಿಗೆ ಪಾಠ ಹೇಳುವ ಹಾಗೆ ಹೇಳುತ್ತಿದ್ದಳು, ನನಗೊಂದು ಕಾಯಿಲೆ ಇದೆ, ಗೋಧಿ ಆಗೋದಿಲ್ಲ, ಈ ಸೂಪಿಗೆ ಗೋಧಿ ಹಾಕ್ತೀರಾ? “ಛೇ ಛೇ, ಗೋಧಿ ಹಾಕಲ್ಲ ಮೇಡಂ, ಮೈದಾ ಹಾಕ್ತೀವಿ.” ಮೈದಾ ಏನು ಆಕಾಶದಿಂದ ಉದುರುತ್ತದೆಯೇನಯ್ಯ ಎಂದರೆ ಅವನಿಗೆ ಅವಮಾನ, ಸುಮ್ಮನೆ ಕುಡಿದರೆ ಅವಳು ಮೂರು ದಿನ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಬೇಕು. ಒಬ್ಬ ಬ್ರೆಡ್ಡಿನ ಮೇಲಿನ ತರಕಾರಿಯನ್ನಷ್ಟೇ ಕೆರೆದು ತಟ್ಟೆಗೆ ಹಾಕಿ ತಂದು, ನಿಮಗೆ ಅಂತಲೇ ಸ್ಪೆಷಲ್ಲಾಗಿ ಮಾಡಿಸಿದೀನಿ ಎಂದಿದ್ದ. ಇನ್ನೊಂದು ಕಡೆ ಮ್ಯಾನೇಜರು ಬಂದು, ತೂಕ ಇಳಿಸೋದಕ್ಕಾ ಮೇಡಂ, ನೀವೇನೂ ಅಷ್ಟು ದಪ್ಪ ಇಲ್ವಲ್ಲ ಎಂದು ಹಲ್ಲು ಕಿರಿದಿದ್ದ. ಅಂಗಡಿಯ ಗೆಳತಿಯರು ಊಟಕ್ಕೆ ಹೊರಡುವಾಗ ಅವಳನ್ನು ಕರೆಯುವುದನ್ನು ಮೆಲ್ಲಗೆ ಬಿಟ್ಟರು. ಇವಳು ಬಂದರೆ ಆರ್ಡರ್ ಕೊಡುವುದೇ ಒಂದು ಪರೀಕ್ಷೆ ಎಂದು ಅವರು ಮಾತಾಡಿಕೊಂಡದ್ದು ಉಜ್ಜುವ ಯಂತ್ರದ ಸದ್ದಿನ ನಡುವೆಯೂ ಅವಳ ಕಿವಿಗೆ ಬಿದ್ದಿತ್ತು. ಅವತ್ತು ಅವಳು ಒಂದೇ ಗಾಜನ್ನು ಎರಡು ಸಲ ಹಾಳು ಮಾಡಿದಳು.

“ಏನು ತಗೋತೀರಮ್ಮ, ಹೇಳಿ,” ಎಂದು ಹೈಕೋರ್ಟು ಎಲ್ಲರಿಗೂ ಮೆನು ಹಂಚಿದರು. ಅವಳು ಮೇಜಿನ ಕೆಳಗೆ ಗಂಡನ ಕಾಲನ್ನು ಒತ್ತಿದಳು. ಊಟ ಹೇಳುವುದಕ್ಕೆ ಮುಂಚೆ ಎಂದರೆ ಈಗ. ಅವನು ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ, ಅವಳಿಗೆ ಜಾಗ ಸಾಲದೇನೋ ಎನ್ನುವ ಹಾಗೆ. ಮೆನುವಿನ ಹಿಂದೆ ಅವನ ಮುಖ ಪೂರ್ತಿ ಮುಳುಗಿತ್ತು.

ಆ ಹೆದ್ದಾರಿಯ ಹೋಟೆಲಿನಲ್ಲಿ ಇವನಿಗೆ ಇಂಥ ಸಂಕೋಚವೇನೂ ಇರಲಿಲ್ಲ. ದೂರದ ಊರಿಂದ ವಾಪಸು ಬರುತ್ತಿದ್ದರು, ಬೆಳಗಿನಿಂದ ಅವಳ ಹೊಟ್ಟೆಗೆ ಎರಡು ಬಾಳೆಹಣ್ಣು ಬಿಟ್ಟರೆ ಏನೂ ಬಿದ್ದಿರಲಿಲ್ಲ. ಅನ್ನ, ಮೊಟ್ಟೆ, ಅಷ್ಟು ಸಾಕು, ಆದರೆ ಬ್ರೆಡ್ಡು ಸುಟ್ಟ ಬಾಣಲೆಯಲ್ಲಿ ಮಾಡಬೇಡಿ ಎಂದು ಅವಳು ಗಲ್ಲಾದ ಮೇಲೆ ಕೂತ ಯಜಮಾನನಿಗೆ ಕೈಮುಗಿಯುವುದೊಂದು ಬಾಕಿ ಇಟ್ಟು ಕೇಳಿಕೊಂಡಳು. “ಏನೂ ಆಗಲ್ಲ ತಿನ್ನಿ ಅಮ್ಮ, ನಮ್ಮಲ್ಲಿ ಎಲ್ಲ ಫ್ರೆಶ್ಶು,” ಎಂದ ಅವನು, ಚಿಲ್ಲರೆ ಹುಡುಕುತ್ತ. ಆಗ ಗಂಡ, ಅರ್ಧ ರೇಗಿ ಅರ್ಧ ತಮಾಷೆಗೆ, “ಹರಕೆ ಕಣ್ರೀ! ದೇವರಿಗೆ ಹೇಳ್ಕೊಂಡಿದಾಳೆ. ಗೋಧಿ ಸೋಕಿದ ಪಾತ್ರೇಲಿ ಮಾಡಿದ್ದನ್ನ ಮುಟ್ಟೋ ಹಾಗಿಲ್ಲ,” ಎಂದುಬಿಟ್ಟ. ಯಜಮಾನ ಎದ್ದು ನಿಂತ. ಎದ್ದೇ ನಿಂತುಬಿಟ್ಟ! “ಅಯ್ಯೋ, ಮೊದಲೇ ಹೇಳಬಾರದಾ ಸಾರ್,” ಎಂದು ಒಳಗೆ ಓಡಿದ. ಅಡುಗೆಯವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಅವಳ ಕಣ್ಣೆದುರಿಗೇ ಬಾಣಲೆಯನ್ನು ಸೋಪು ಹಾಕಿ ಉಜ್ಜಿ, ಮತ್ತೊಂದು ಸಲ ಉಜ್ಜಿ, ಹೊಸ ಎಣ್ಣೆ ಸುರಿದು, ಕಪಾಟಿನಿಂದ ಹೊಸ ಸೌಟು ತೆಗೆದ. ಅವಳು ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ತಿಂದಳು. ಆಮೇಲೆ ಕಾರಿನಲ್ಲಿ ಗಂಡ ಹೆಂಡತಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸಿಕ್ಕಿತು ನೋಡು ಮಂತ್ರ ಎಂದ ಅವನು. ಅವಳೂ ನಕ್ಕಳು, ಹೌದು, ನಕ್ಕಳು. ಹೊಟ್ಟೆ ತುಂಬಿದವಳಿಗೆ ನಗುವುದಕ್ಕೇನು. ಕರುಳು ಹರಿದುಹೋಗುತ್ತದೆ ಎಂದರೆ ಕತ್ತು ಎತ್ತಿ ನೋಡದ ಮನುಷ್ಯ ದೇವರ ಹೆಸರೆತ್ತಿದ ಕೂಡಲೇ ಎದ್ದು ನಿಂತನಲ್ಲ, ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎನ್ನುವುದು ಅವಳಿಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಆ ಮಂತ್ರ ಮನೆಯೊಳಗೂ ಬಂತು. ನಾದಿನಿಯ ಹೊಸ ಮನೆಯ ಊಟಕ್ಕೆ ಹೋದಾಗ ಗಂಡ ಅಡುಗೆಯವರ ಹತ್ತಿರ ಅದೇ ಹರಕೆಯ ಮಾತಾಡುತ್ತಿದ್ದದ್ದನ್ನು ನಾದಿನಿ ಕೇಳಿಸಿಕೊಂಡಳು. “ಏನೋ ಅದು, ಯಾವ ಹರಕೆ?” ಎಂದು ಹೆಡ್ ಮೇಡಂ ದನಿಯಲ್ಲಿ ಕೇಳಿದವಳು, ಉತ್ತರ ಬರುವ ಮೊದಲೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ಬೇಡ, ಹೇಳಬೇಡ. ಗೊತ್ತಾಯ್ತು ಬಿಡು.” ಮದುವೆಯಾಗಿ ಇಷ್ಟು ವರ್ಷವಾದರೂ ಮಡಿಲು ತುಂಬದ ಹೆಂಗಸು ಹರಕೆ ಹೊತ್ತುಕೊಂಡಿದ್ದಾಳೆ ಎಂದರೆ ಇನ್ನು ಯಾತಕ್ಕೆ? ನಾದಿನಿಯ ಕಣ್ಣಲ್ಲಿ ನೀರು ಬಂದಿತ್ತು. ಗಂಡ ಬಾಯಿ ತೆರೆಯಲಿಲ್ಲ. ಅವತ್ತು ಅಲ್ಲೇ, ಒಂದೇ ಒಂದು ಮಾತು, ಹಾಗಲ್ಲಕ್ಕ ಎಂದಿದ್ದರೆ ಮುಗಿದುಹೋಗುತ್ತಿತ್ತು. ಇವನ ನಾಲಿಗೆ ಬಿದ್ದುಹೋಗಿತ್ತೇ? ಮಾರನೆಯ ವಾರ ಅತ್ತೆ ಬಂದು ಅವಳ ಎರಡೂ ಕೈ ಹಿಡಿದುಕೊಂಡು, “ನೀನೊಬ್ಬಳೇ ಯಾಕೆ ಕಷ್ಟಪಡಬೇಕು, ನಿನ್ನ ಜೊತೆ ನಾನೂ ಸಕ್ಕರೆ ಬಿಟ್ಟೆ ಕಣಮ್ಮ,” ಎಂದರು. ಸಿಹಿ ಎಂದರೆ ಪ್ರಾಣ ಬಿಡುವ ಹೆಂಗಸು. ಅವತ್ತಿನಿಂದ ಟೀಯನ್ನು ಕಣ್ಣು ಮುಚ್ಚಿಕೊಂಡು ಮದ್ದು ಕುಡಿಯುವ ಹಾಗೆ ಕುಡಿಯುತ್ತಾರೆ. ಅವಳು ಪ್ರತಿ ತಿಂಗಳೂ ಗಂಡನಿಗೆ ಹೇಳಿದಳು, ಬೇಡಿದಳು, ಪಾತ್ರೆ ಎತ್ತಿ ಕುಕ್ಕಿದಳು. ಹೇಳೋಣ, ಅಮ್ಮನ ಬಿಪಿ ಇಳೀಲಿ. ಹೇಳೋಣ, ಅಕ್ಕನ ಮಗಳ ಪರೀಕ್ಷೆ ಮುಗೀಲಿ. ಅತ್ತೆಯ ಆ ಸಪ್ಪೆ ಟೀ ನೋಡಿದಾಗಲೆಲ್ಲ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು. ಅವಳಾದರೂ ಬಾಯಿಬಿಟ್ಟು ಹೇಳಬಹುದಿತ್ತಲ್ಲ? ಇಲ್ಲ. ಇದು ಅವನು ಕಟ್ಟಿದ ಸುಳ್ಳು, ಅವನ ತಾಯಿಗೆ ಕಟ್ಟಿದ್ದು. ಅವನೇ ಬಿಚ್ಚಲಿ ಎಂದು ಹಟ. ಅವಳು ಹರಕೆ ಹೊತ್ತವಳಲ್ಲ, ಹರಕೆಯ ಕುರಿ.

“ಸಾರ್, ಆರ್ಡರ್?” ಎಂದು ವೇಟರ್ ಬಂದು ನಿಂತ. ನಡುವಯಸ್ಸಿನವನು, ಕಿವಿಯ ಹಿಂದೆ ಪೆನ್ನು. ಗಂಡ ಮೆನುವಿನಿಂದ ತಲೆ ಎತ್ತಿದ. ಈಗಲಾದರೂ, ಈ ಕ್ಷಣವಾದರೂ. “ನೋಡಿ, ಇವರಿಗೆ ಮಾತ್ರ ಬೇರೆ,” ಎಂದು ಗಂಡ ದನಿ ತಗ್ಗಿಸಿ, ತಗ್ಗಿಸಿದರೂ ಮೇಜಿಗೆಲ್ಲ ಕೇಳುವ ಹಾಗೆ ಹೇಳಿದ, “ಬರೀ ಅನ್ನ, ತರಕಾರಿ, ಮೊಟ್ಟೆ. ಗೋಧಿ, ಮೈದಾ, ಸಾಸು ಯಾವುದೂ ಸೋಕಬಾರದು. ಹರಕೆ ಇದೆ.” ವೇಟರ್ ಪೆನ್ನು ತೆಗೆದವನು ಅವಳ ಕಡೆ ತಿರುಗಿ ಸ್ವಲ್ಪ ಬಾಗಿದ. “ಗೊತ್ತಾಯ್ತು ತಾಯಿ. ಬಾಣಲೆ ಬೇರೆ ತೊಳೆಸ್ತೀನಿ. ಸ್ವಲ್ಪ ತಡ ಆಗುತ್ತೆ, ಬೇಜಾರು ಮಾಡ್ಕೋಬೇಡಿ.” ಮೇಡಂ ಹೋಗಿ ತಾಯಿ ಆಗಿದ್ದಳು. ನಾದಿನಿ ನಿಟ್ಟುಸಿರು ಬಿಟ್ಟಳು. ಅತ್ತೆ ತಮ್ಮ ಟೀಗೆ ಸಕ್ಕರೆ ಹಾಕಬೇಡ ಎಂದು ಹೇಳಿ, ಅವಳ ಕಡೆ ನೋಡಿ, ನಾವಿಬ್ಬರೂ ಒಂದೇ ಪಾರ್ಟಿ ಎನ್ನುವ ಹಾಗೆ ಕಣ್ಣು ಮಿಟುಕಿಸಿದರು. ಅವಳು ಕೈ ತೊಳೆದು ಬರುತ್ತೇನೆ ಎಂದು ಎದ್ದಳು, ಏಳುವಾಗ ಗಂಡನ ಭುಜವನ್ನು ಚಿವುಟಿದಳು.

ಕೈ ತೊಳೆಯುವ ಜಾಗದಲ್ಲಿ ಸಾಲಾಗಿ ಬೇಸಿನ್ನುಗಳು, ಮೇಲೆ ಉದ್ದಕ್ಕೂ ಕನ್ನಡಿ. ಅವನು ಬಂದು ಪಕ್ಕದ ನಲ್ಲಿ ತಿರುಗಿಸಿ ಕೊಳೆಯಿಲ್ಲದ ಕೈಗೆ ಸೋಪು ಹಚ್ಚಿಕೊಳ್ಳತೊಡಗಿದ. “ಇವತ್ತು ಬೇಡ ಕಣೆ. ಹುಟ್ಟಿದ ದಿನ. ಮುಖ ನೋಡಿದ್ಯಾ ಅಮ್ಮಂದು, ಎಷ್ಟು ಖುಷಿಯಾಗಿದಾರೆ.”

“ನಿಮಗೆ ನಾಚಿಕೆ ಆಗಲ್ವೇನ್ರೀ?”

“ಮೆಲ್ಲಗೆ ಮಾತಾಡು. ಯಾರಿಗೋಸ್ಕರ ಹೇಳ್ದೆ ನಾನು? ನಿನ್ನ ಊಟಕ್ಕೋಸ್ಕರ ತಾನೇ? ಕಾಯಿಲೆ ಅಂದಿದ್ರೆ ಅವನು ಬಾಣಲೆ ತೊಳೀತಿದ್ನಾ? ನೀನೇ ಹೇಳು.”

“ಅವನಿಗೆ ಏನಾದ್ರೂ ಹೇಳ್ಕೊಳ್ಳಿ. ನಿಮ್ಮಮ್ಮನಿಗೆ ಯಾಕೆ ಹೇಳಬೇಕಿತ್ತು?”

ಅವನು ಕನ್ನಡಿಯಲ್ಲಿದ್ದ ಅವಳಿಗೆ ಉತ್ತರ ಕೊಟ್ಟ. “ಹರಕೆ ಅಂದ್ರೆ ನಿನ್ನನ್ನ ತಲೆ ಮೇಲೆ ಹೊತ್ಕೊಂಡು ಮೆರೆಸ್ತಾರೆ. ಕಾಯಿಲೆ ಅಂತ ಹೇಳಿ ನೋಡು. ಓಹೋ ಅದಕ್ಕೇ ಮಗು ಆಗಿಲ್ಲ, ರೋಗಿಷ್ಠೇನ ತಂದು ಕಟ್ಟಿಬಿಟ್ರು ನಮ್ಮ ಮಗನಿಗೆ, ಅಂತ ಶುರು ಮಾಡ್ತಾರೆ. ಅದನ್ನ ಕೇಳೋಕೆ ನಿನಗೆ ಇಷ್ಟಾನಾ?”

ಅಂತೂ ಬಾಯಿಂದ ಬಂತು. ರೋಗಿಷ್ಠೆ. ಅವರು ಅನ್ನುತ್ತಾರೆ ಎಂದು ಹೇಳುವವರ ಬಾಯಲ್ಲೇ ಮಾತು ಮೊದಲು ಹದವಾಗುವುದು. ಇವನು ಅವಳನ್ನು ಕಾಪಾಡುತ್ತಿಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದ್ದಾನೆ; ಕಾಯಿಲೆಯ ಹೆಂಡತಿಯ ಗಂಡ ಎನ್ನಿಸಿಕೊಳ್ಳುವುದಕ್ಕಿಂತ ಹರಕೆಯ ಹೆಂಡತಿಯ ಗಂಡ ಎನ್ನಿಸಿಕೊಳ್ಳುವುದು ಇವನಿಗೆ ಹಾಯಾಗಿದೆ. ಆದರೂ ಅವನು ಹೇಳಿದ ಅರ್ಧ ನಿಜವಾಗಿತ್ತು, ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. ಒಳಗೆ ಅಡುಗೆಮನೆಯಲ್ಲಿ ಯಾರೋ ಈಗ ಅವಳಿಗಾಗಿ ಬಾಣಲೆ ಉಜ್ಜುತ್ತಿದ್ದರು. ಅವಳಿಗೆ ನಿಜವಾಗಿಯೂ ಹಸಿವಾಗಿತ್ತು. ಬೆಳಿಗ್ಗೆ ಇವನ ಮಾತು ನಂಬಿದ ಸಂತೋಷದಲ್ಲಿ ಏನೂ ತಿನ್ನದೆ ಹೊರಟಿದ್ದಳು, ಪೆದ್ದಿ. ಅವನು ಹತ್ತಿರ ಬಂದು, “ಮನೆಗೆ ಹೋದ್ಮೇಲೆ ಫೋನ್ ಮಾಡಿ ಹೇಳ್ತೀನಿ, ಖಂಡಿತ,” ಎಂದ. ಒದ್ದೆ ಕೈಯಿಂದ ಅವಳ ಬೆನ್ನು ತಟ್ಟಿದ. ಅವಳ ಬಟ್ಟೆಯ ಮೇಲೆ ನೀರಿನ ಐದು ಬೆರಳು ಮೂಡಿದವು.

ವಾಪಸು ಬರುವಷ್ಟರಲ್ಲಿ ಮೇಜಿನ ಮೇಲೆ ಕೇಕು ಬಂದಿತ್ತು. ಬಿಳೀ ಕ್ರೀಮು, ಮೇಲೆ ಅತ್ತೆಯ ವಯಸ್ಸು. ಅತ್ತೆ ನಾಚಿಕೊಂಡು ಕತ್ತರಿಸಿದರು, ಪಕ್ಕದ ಮೇಜಿನವರೂ ಚಪ್ಪಾಳೆ ತಟ್ಟಿದರು. ನಾದಿನಿ ಮೊದಲ ಚೂರನ್ನು ಅಮ್ಮನ ಬಾಯಿಯ ಹತ್ತಿರ ಹಿಡಿದಳು. ಅತ್ತೆ ಮುಖ ಪಕ್ಕಕ್ಕೆ ತಿರುಗಿಸಿದರು. “ಬೇಡ ಕಣೆ, ನನಗೆ ಇಲ್ಲ. ನನ್ನ ಸೊಸೆದು ಹರಕೆ ತೀರಿದ ದಿನ ನಾನೂ ಅವಳೂ ಒಟ್ಟಿಗೆ ಕೂತು ಇಡೀ ಕೇಕೇ ತಿಂತೀವಿ, ನೀವೆಲ್ಲ ಬಾಯಿ ಬಾಯಿ ಬಿಟ್ಕೊಂಡು ನೋಡ್ತಿರಿ.” ಎಲ್ಲರೂ ನಕ್ಕರು. ಆಮೇಲೆ ಅತ್ತೆ ಅವಳ ಕಡೆ ಬಾಗಿ, ದನಿ ತಗ್ಗಿಸಿ, ಚಿಕ್ಕ ಹುಡುಗಿ ಗುಟ್ಟು ಕೇಳುವ ಹಾಗೆ ಕೇಳಿದರು: “ಇನ್ನೆಷ್ಟು ದಿನ ಅಂತ ಹೇಳ್ಕೊಂಡಿದೀಯಮ್ಮ? ನನಗೊಬ್ಬಳಿಗೆ ಹೇಳು. ನಾನೂ ಎಪ್ಪತ್ತು ದಾಟಿದೆ, ನೋಡಿ ಹೋಗೋ ಆಸೆ.”

ಅವಳು ಗಂಡನನ್ನು ನೋಡಿದಳು. ಅವನೂ ಅವಳನ್ನು ನೋಡಿದ, ನೋಡಿ, ಅಮ್ಮನ ಕಡೆ ತಿರುಗಿ, “ಇನ್ನೇನಮ್ಮ, ಆಗುತ್ತೆ ಬಿಡು,” ಎಂದ.

“ಹರಕೆ ಇಲ್ಲ ಅತ್ತೆ,” ಎಂದಳು ಅವಳು. ತನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ಅವಳೇ ಅಂದುಕೊಂಡಿರಲಿಲ್ಲ. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದ ಕೈಯಲ್ಲೇ ತಿರುಗಿ ನೋಡಿದರು. “ನಾನು ಯಾವ ದೇವರಿಗೂ ಏನೂ ಹೇಳ್ಕೊಂಡಿಲ್ಲ. ನನಗಿರೋದು ಕಾಯಿಲೆ. ಕರುಳಿನ ಕಾಯಿಲೆ. ಗೋಧಿ ತಿಂದ್ರೆ ಕರುಳು ಹಾಳಾಗುತ್ತೆ. ನಿಮ್ಮ ಮಗನಿಗೆ ಮೊದಲಿಂದ್ಲೂ ಗೊತ್ತು.”

“ಈಗ ಬೇಕಿತ್ತಾ ಇದು!” ಎಂದ ಗಂಡ, ಹಲ್ಲು ಕಚ್ಚಿಕೊಂಡು.

ಅತ್ತೆಗೆ ಮೊದಲು ಅರ್ಥವೇ ಆಗಲಿಲ್ಲ. “ಅಂದ್ರೆ... ಮಗು?”

“ಮಗುವಿಗೂ ಇದಕ್ಕೂ ಸಂಬಂಧ ಇಲ್ಲ ಅತ್ತೆ. ಮಗು ಆದ್ರೂ ನಾನು ತಿನ್ನೋ ಹಾಗಿಲ್ಲ, ಆಗದೇ ಇದ್ರೂ ತಿನ್ನೋ ಹಾಗಿಲ್ಲ. ಇದು ತೀರೋದಲ್ಲ. ಸಾಯೋವರೆಗೂ ಹೀಗೇ.”

ಹೈಕೋರ್ಟು ಗಂಟಲು ಸರಿಮಾಡಿಕೊಂಡು, “ನೋಡಿ, ನನ್ನನ್ನ ಕೇಳಿದ್ರೆ ತಪ್ಪು ಇಬ್ಬರದೂ ಇದೆ,” ಎಂದರು. ಅವರನ್ನು ಯಾರೂ ಕೇಳಿರಲಿಲ್ಲ. ಅತ್ತೆ ಮಗನನ್ನು ನೋಡುತ್ತಿದ್ದರು. “ಅಮ್ಮ, ನಿನಗೆ ಬೇಜಾರಾಗಬಾರದು ಅಂತ...” ಎಂದು ಅವನು ಶುರುಮಾಡಿದ. “ಒಂದೂವರೆ ವರ್ಷ ಕಣೋ,” ಎಂದರು ಅತ್ತೆ, “ಒಂದೂವರೆ ವರ್ಷ ಆ ಸುಡುಗಾಡು ಟೀ ಕುಡಿದೆನಲ್ಲೋ ನಾನು.” ಹೊಸ ಶಾಲನ್ನು ಕಿತ್ತು ಕುರ್ಚಿಯ ಹಿಂದಕ್ಕೆ ಎಸೆದು, ಮಗಳ ಕೈಯಲ್ಲಿದ್ದ ಕೇಕನ್ನು ಕಸಿದುಕೊಂಡು ಬಾಯಿಗೆ ತುರುಕಿಕೊಂಡರು. ಅಳುತ್ತ ತಿಂದರು, ಮೂಗಿನ ತುದಿಗೆಲ್ಲ ಕ್ರೀಮು. ಇನ್ನೊಂದು ಚೂರು ತಾವೇ ಕತ್ತರಿಸಿಕೊಂಡು ಅದನ್ನೂ ತಿಂದರು. ಅವಳನ್ನು ಮಾತ್ರ ನೋಡಲಿಲ್ಲ. ಅವಳಿಗೆ ಅತ್ತೆಯ ಕಾಲು ಹಿಡಿದುಕೊಳ್ಳಬೇಕು ಎನ್ನಿಸಿತು, ಮತ್ತೆ, ಯಾಕೆ ಹಿಡಿಯಬೇಕು, ಯಾರು ಮಾಡಿದ ತಪ್ಪಿಗೆ ಯಾರ ಕಾಲು ಯಾರು ಹಿಡಿಯುವುದು ಎಂದು ರೋಷ ಬಂತು. ಎರಡೂ ಒಟ್ಟಿಗೇ ಇದ್ದವು. ಕರ್ಚೀಫಿನಲ್ಲಿ ಸುತ್ತಿದ್ದ ಚಮಚವನ್ನು ಬಿಗಿಯಾಗಿ ಹಿಡಿದುಕೊಂಡಳು. ಹೇಳಿದ್ದಾಯಿತು, ಇನ್ನು ಹೊಟ್ಟೆಯ ಮೇಲಿನ ಕಲ್ಲು ಇಳಿಯಬೇಕಿತ್ತಲ್ಲ, ಇಳಿಯಲಿಲ್ಲ. ಹಸಿವು ಮಾತ್ರ ಹಾಗೇ ಇತ್ತು.

ವೇಟರ್ ಊಟ ತಂದ. ಎಲ್ಲರದೂ ಒಂದು ಟ್ರೇಯಲ್ಲಿ, ಅವಳದೊಂದನ್ನು ಬೇರೆಯಾಗಿ, ಎರಡೂ ಕೈಯಲ್ಲಿ. ಹಬೆಯಾಡುವ ಅನ್ನ, ಹಸಿರು ಹಸಿರಾದ ತರಕಾರಿ, ಮೇಲೆ ಮೊಟ್ಟೆ. ಮೇಜಿನಲ್ಲಿ ನಡೆದದ್ದು ಅವನ ಕಿವಿಗೂ ಬಿದ್ದಿರಬೇಕು, ತಟ್ಟೆ ಇಡುತ್ತ, ಬೇಸರದಿಂದೇನೂ ಅಲ್ಲ, ಬರೀ ಸಮಾಧಾನದಿಂದಲೇ ಹೇಳಿದ: “ಕಾಯಿಲೆನಾ ಮೇಡಂ? ಅಷ್ಟೇನಾ! ಮೊದಲೇ ಹೇಳಿದ್ರೆ ಬೇಗ ತಂದುಬಿಡ್ತಿದ್ದೆ. ಹರಕೆ ಅಂತ ಒಳಗೆ ಎಲ್ಲರೂ ಹೆದರಿಬಿಟ್ಟಿದ್ರು.” ತಾಯಿ ಹೋಗಿ ಮತ್ತೆ ಮೇಡಂ ಬಂದಿತ್ತು. ಹಾಗೆಂದು ಅವನು ಹೋದ. ಅವಳು ಕರ್ಚೀಫು ಬಿಚ್ಚಿ ಚಮಚ ತೆಗೆಯುತ್ತಿದ್ದಳು. ಆಗ ನಾದಿನಿ, ಅಮ್ಮನ ಕಣ್ಣೀರು ಒರೆಸಿ ಮುಗಿಸಿ, ಮನೆಯ ಮರ್ಯಾದೆ ಉಳಿಸುವ ಜವಾಬ್ದಾರಿ ಇನ್ನು ತನ್ನದು ಎನ್ನುವ ಹಾಗೆ, ಕೇಕಿನ ಒಂದು ಚೂರನ್ನು ಎತ್ತಿ ಅವಳ ತಟ್ಟೆಯ ಅಂಚಿಗೆ, ಅನ್ನಕ್ಕೆ ತಾಗಿಸಿ ಇಟ್ಟುಬಿಟ್ಟಳು. “ಆಗಿದ್ದು ಆಗಿಹೋಯ್ತು. ಹರಕೆ ಅಲ್ಲವಲ್ಲ, ದೇವರೇನೂ ಸಿಟ್ಟಾಗಲ್ಲ. ಅಮ್ಮನ ಹುಟ್ಟಿದ ದಿನ, ಸ್ವಲ್ಪ ಬಾಯಿ ಸಿಹಿ ಮಾಡ್ಕೋ.” ಪ್ರೀತಿಯಿಂದಲೇ ಅಂದಳು. ಕೇಕಿನ ಕಂದು ಪುಡಿ ಬಿಳೀ ಅನ್ನದ ಮೇಲೆ ಉದುರಿತು.

ಅವಳು ಗಂಡನನ್ನು ನೋಡಿದಳು. ಡಾಕ್ಟರ ಕೋಣೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ಈ ಮೇಜಿನಲ್ಲಿ ಇವನೊಬ್ಬನೇ. ಹರಕೆ ಎಂದು ಹೇಳಿಕೊಂಡು ತಿರುಗುತ್ತಿದ್ದಾಗ ಅವಳ ತಟ್ಟೆಯ ಹತ್ತಿರ ಒಂದು ಕಣ ಬಿದ್ದರೂ ಹೌಹಾರಿ, ತಟ್ಟೆ ಬದಲಾಯಿಸ್ರೀ ಎಂದು ಕೂಗುತ್ತಿದ್ದವನು. ಅವನು ತಟ್ಟೆಯನ್ನು ನೋಡಿದ. ಅವಳ ಮುಖ ನೋಡಿದ. ಅವನಿಗೆ ಅರ್ಥವಾಯಿತು ಎಂದು ಅವಳಿಗೆ ಅನ್ನಿಸಿತು, ಅವಳ ಎದೆ ಒಂದು ಕ್ಷಣ ಹಗುರಾಯಿತು ಕೂಡ. ಅವನು ಕೈ ಚಾಚಿ ಕೇಕಿನ ಚೂರನ್ನು ಎರಡು ಬೆರಳಲ್ಲಿ ಎತ್ತಿ ತನ್ನ ಬಾಯಿಗೆ ಹಾಕಿಕೊಂಡ, ಅನ್ನದ ಮೇಲಿನ ಪುಡಿಯನ್ನು ಕಿರುಬೆರಳಿಂದ ತಟ್ಟಿ ಪಕ್ಕಕ್ಕೆ ಸರಿಸಿದ. “ತೆಗೆದುಬಿಟ್ನಲ್ಲ,” ಎಂದ, ಅಗಿಯುತ್ತ. “ತಿನ್ನು ಈಗ. ಆರಿಹೋಗುತ್ತೆ.”

ಅವಳಿಗೆ ಗೊತ್ತಾಯಿತು. ಇವನಿಗೂ ಅದು ಹರಕೆಯೇ ಆಗಿತ್ತು. ಇವನು ಅಮ್ಮನಿಗೆ ಸುಳ್ಳು ಹೇಳಿರಲಿಲ್ಲ. ಡಾಕ್ಟರಿಗೆ ತಲೆಯಾಡಿಸಿದ್ದೇ ಸುಳ್ಳು. ಇಷ್ಟು ದಿನ ದೇವರ ತಟ್ಟೆಯನ್ನು ಕಾದವನು ಹೆಂಡತಿಯ ತಟ್ಟೆಯನ್ನು ಒಂದು ದಿನವೂ ಕಂಡಿರಲಿಲ್ಲ. ಕೂಗಬೇಕು ಎನ್ನಿಸಿತು, ತಟ್ಟೆಯನ್ನು ಎತ್ತಿ ಅವನ ತೊಡೆಯ ಮೇಲೆ ಕವುಚಬೇಕು ಎನ್ನಿಸಿತು. ಅವಳು ಕೈ ಎತ್ತಿ ವೇಟರನ್ನು ಕರೆದಳು.

“ಇದನ್ನ ತಗೊಂಡು ಹೋಗಿ. ಬೇರೆ ಮಾಡಿಸ್ಕೊಂಡು ಬನ್ನಿ. ಬಾಣಲೆ ತೊಳೆದು.”

ವೇಟರ್ ತಟ್ಟೆ ನೋಡಿದ, ಅನ್ನ ಮುಟ್ಟಿಯೇ ಇರಲಿಲ್ಲ. ಅವನ ಕಣ್ಣು ಗಂಡನ ಕಡೆ ಹೊರಳಿತು.

“ಅವರನ್ನ ಯಾಕೆ ನೋಡ್ತೀರಿ? ತಿನ್ನೋಳು ನಾನು.”

“ಸುಮ್ನಿರೇ, ಸಾಕು ಇವತ್ತಿಗೆ,” ಎಂದ ಗಂಡ. ನಾದಿನಿ, “ಅಯ್ಯೋ, ಇಷ್ಟು ಚೆನ್ನಾಗಿರೋ ಊಟಾನ,” ಎಂದಳು. ಅತ್ತೆ ತಲೆ ಬಗ್ಗಿಸಿಕೊಂಡು ಕೇಕು ತಿನ್ನುತ್ತಲೇ ಇದ್ದರು. ವೇಟರ್ ತಲೆ ಕೆರೆದುಕೊಂಡು ತಟ್ಟೆ ಎತ್ತಿಕೊಂಡ. ಅವಳು ಅವನನ್ನು ನಂಬಲಿಲ್ಲ. ಎದ್ದು, ಕುರ್ಚಿ ಹಿಂದಕ್ಕೆ ತಳ್ಳಿ, ಮೇಜುಗಳ ನಡುವೆ ಅವನ ಹಿಂದೆಯೇ ನಡೆದಳು. ಅವನು ಅಡುಗೆಮನೆಯ ತೂಗುಬಾಗಿಲನ್ನು ತಳ್ಳಿ ಒಳಗೆ ಹೋದ. ಅವಳು ಅದು ಮುಚ್ಚದ ಹಾಗೆ ಕೈ ಅಡ್ಡ ಹಿಡಿದು ಹೊಸ್ತಿಲಲ್ಲಿ ನಿಂತಳು. ಒಳಗೆ ಹೊಗೆ, ಬೆಂಕಿ, ಎಣ್ಣೆಯ ಘಾಟು. ವೇಟರ್ ಏನೋ ಹೇಳಿದ. ಒಲೆಯ ಮುಂದೆ ನಿಂತಿದ್ದ ಅಡುಗೆಯವನು ತಿರುಗದೆಯೇ ಕೂಗಿದ: “ಈಗ ತಾನೇ ತೊಳೆದೆನಲ್ಲಯ್ಯ! ಮತ್ತೆ ಇನ್ಯಾವ ದೇವರಿಗಪ್ಪ?”

“ದೇವರಿಗಲ್ಲ,” ಎಂದಳು ಅವಳು ಬಾಗಿಲಿಂದಲೇ. “ನನಗೆ.”

ಅಡುಗೆಯವನು ತಿರುಗಿ ನೋಡಿದ. ಅವಳು ಬಾಗಿಲು ಬಿಡಲಿಲ್ಲ. ಅವನು ನಲ್ಲಿ ತಿರುಗಿಸುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.